ಕೆರೆಯ ಮೀನು: ಬಲೆಗೂ ಗಾಳಕ್ಕೂ ಒಂದೇ ಲೆಕ್ಕ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಸೀಮೆಯ ಜಮೀನುದಾರರಿಗೂ ಊರ ಮುಖ್ಯಸ್ಥರಿಗೂ ತಿಳಿವಳಿಕೆ

ಕೆರೆಯೆಂದರೆ ಹೊಲಕ್ಕೆ ನೀರು, ದನಕರುಗಳಿಗೆ ಆಸರೆ, ಬಾವಿಗಳಿಗೆ ಒರತೆ ಎಂಬುದನ್ನು ಈ ಸೀಮೆಯ ಪ್ರತಿಯೊಬ್ಬ ರೈತನೂ ಬಲ್ಲನು. ಅದೇ ನೀರಿನಲ್ಲಿ ಇನ್ನೊಂದು ಬೆಳೆಯೂ ಬೆಳೆಯುವದೆಂಬುದನ್ನು ಮಾತ್ರ ಅನೇಕರು ಲಕ್ಷ್ಯಕ್ಕೆ ತಂದುಕೊಳ್ಳುವದಿಲ್ಲ. ಆ ಬೆಳೆಯೇ ಮೀನು. ಹೊಲದ ಜೋಳಕ್ಕೆ ಒಡೆಯನುಂಟು, ಕಾವಲುಂಟು, ಕೊಯ್ಲಿಗೆ ಹೊತ್ತುಂಟು. ಕೆರೆಯ ಮೀನಿಗೆ ಅನೇಕ ಕಡೆಗಳಲ್ಲಿ ಈ ಮೂರೂ ಇಲ್ಲ. ಗುತ್ತಿಗೆ ಹಿಡಿದ ಮೀನುಗಾರರು ಬಲೆ ಹಾಕುವರು. ರಜೆಯ ದಿನ ಪೇಟೆಯಿಂದ ಬಂದವರು ಗಾಳ ಹಾಕುವರು. ಬೇಸಿಗೆಯಲ್ಲಿ ನೀರು ಇಳಿದಾಗ ಊರ ಹುಡುಗರು ಬುಟ್ಟಿಯಿಂದ ಬಾಚುವರು. ಒಬ್ಬರು ಹಿಡಿದದ್ದು ಇನ್ನೊಬ್ಬರಿಗೆ ತಿಳಿಯುವದಿಲ್ಲ. ವರ್ಷದ ಕೊನೆಗೆ ಮೀನು ಕಡಿಮೆಯಾಯಿತೆಂದು ಎಲ್ಲರೂ ಒಬ್ಬರನ್ನೊಬ್ಬರು ದೂರುವರು.

ಇಂಥ ಸಮಯದಲ್ಲಿ ಗಾಳವನ್ನೇ ನಿಷೇಧಿಸಬೇಕೆಂದು ಕೆಲವರೂ, ಬಲೆಯೇ ಎಲ್ಲ ಕೇಡಿಗೆ ಮೂಲವೆಂದು ಕೆಲವರೂ ವಾದಿಸುವರು. ಎರಡು ಮಾತೂ ಪೂರ್ಣ ಸತ್ಯವಲ್ಲ. ಮೀನು ಹಿಡಿಯುವ ಕಟ್ಟಳೆಯನ್ನು ಜನರ ವಾದವನ್ನು ನೋಡಿ ಮಾಡದೆ, ನೀರಿನ ಸ್ವಭಾವವನ್ನೂ ಮೀನಿನ ಸ್ವಭಾವವನ್ನೂ ನೋಡಿ ಮಾಡತಕ್ಕದ್ದು. ಬಲೆಯಿಂದ ಬಂದ ಮೀನನ್ನೂ ಗಾಳದಿಂದ ಬಂದ ಮೀನನ್ನೂ ಒಂದೇ ಪುಸ್ತಕದಲ್ಲಿ ಬರೆಯತಕ್ಕದ್ದು. ಇವೆರಡೂ ನಡೆದ ಊರಿನಲ್ಲಿ ಮೀನುಗಾರನ ಹೊಟ್ಟೆಯೂ ತುಂಬುವದು, ಪಂಚಾಯತಿಗೆ ಉತ್ಪನ್ನವೂ ಬರುವದು, ಗಾಳ ಹಾಕುವವನ ಹವ್ಯಾಸಕ್ಕೂ ಎಡೆಯುಳಿಯುವದು.

1. ನೀರಿನ ಮೂರು ಬಗೆಗಳು

ಈ ಸೀಮೆಯಲ್ಲಿ ವರ್ಷದ ಮಳೆ ಸುಮಾರು 55ರಿಂದ 60 ಸೆಂಟಿಮೀಟರು ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಅಕ್ಟೋಬರದೊಳಗೆ ಬೀಳುವದು. ಆದಕಾರಣ ಇಲ್ಲಿಯ ನೀರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ಬಗೆ, ಆರೆಂಟು ತಿಂಗಳು ಮಾತ್ರ ನೀರು ನಿಲ್ಲುವ ಸಣ್ಣ ಕೆರೆಗಳು. ಹಿಂಗಾರಿನ ಬೆಳೆಗೆ ನೀರು ಕೊಟ್ಟು, ಬಿಸಿಲು ಏರಿದಂತೆ ಇವು ಬತ್ತುವವು. ಎರಡನೆಯ ಬಗೆ, ಒಳ್ಳೆಯ ಮಳೆಯ ವರ್ಷಗಳಲ್ಲಿ ಬೇಸಿಗೆಯನ್ನೂ ದಾಟಿ ನೀರು ಉಳಿಸಿಕೊಳ್ಳುವ ದೊಡ್ಡ ಕೆರೆಗಳು. ಬಾಗಲಕೋಟೆಯ ದಕ್ಷಿಣಕ್ಕಿರುವ ಮುಚಖಂಡಿಯ ಕೆರೆ, ಬಾದಾಮಿ ತಾಲೂಕಿನ ಕೆಂದೂರ ಕೆರೆ ಮೊದಲಾದವನ್ನು ಮಳೆಯ ವರ್ಷವನ್ನು ನೋಡಿ ಈ ಬಗೆಗೆ ಸೇರಿಸಬಹುದು. ಮೂರನೆಯ ಬಗೆ, ನದಿ ಮತ್ತು ಜಲಾಶಯ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳೂ ಅವುಗಳಿಗೆ ಕಟ್ಟಿದ ಅಣೆಕಟ್ಟುಗಳ ಹಿನ್ನೀರೂ ಇದರಲ್ಲಿ ಬರುವವು. 519.60 ಮೀಟರು ಎತ್ತರದವರೆಗೆ ತುಂಬುವ ಆಲಮಟ್ಟಿಯ ನೀರು ಘಟಪ್ರಭೆಯ ಕಣಿವೆಯಲ್ಲಿ ಬಾಗಲಕೋಟೆಯವರೆಗೂ ಹಬ್ಬಿ, ಹಳೆಯ ಊರಿನ ಭಾಗಗಳನ್ನು ಮುಳುಗಿಸಿದ ಕಾರಣದಿಂದಲೇ ನವನಗರವನ್ನು ಕಟ್ಟಬೇಕಾಯಿತು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವದು. ಆ ಸ್ಥಳವು ಆಲಮಟ್ಟಿಯ ಕೆಳಗೂ ನಾರಾಯಣಪುರದ ಅಣೆಕಟ್ಟಿನ ಮೇಲೂ ಇರುವದು.

ಈ ಮೂರು ಬಗೆಗೂ ಒಂದೇ ಕಟ್ಟಳೆ ಹೊಂದುವದಿಲ್ಲ. ಬತ್ತಿಹೋಗುವ ಕೆರೆಯಲ್ಲಿ ಮೀನನ್ನು ಉಳಿಸುತ್ತೇವೆಂದು ಬಿಡುವದು ಕಾಗೆ ಹದ್ದುಗಳಿಗೆ ಔತಣ ಮಾಡಿದಂತೆಯೇ ಸರಿ. ಅಂಥ ಕೆರೆಯಲ್ಲಿ ನೀರು ಕೆಸರಾಗುವ ಮೊದಲೇ ಎಲ್ಲ ಮೀನನ್ನೂ ಹಿಡಿದುಬಿಡುವದೇ ಬುದ್ಧಿವಂತಿಕೆ. ನೀರು ನಿಲ್ಲುವ ಕೆರೆಯಲ್ಲಿ ಅದೇ ಕೆಲಸ ಮಾಡಿದರೆ ಮುಂದಿನ ವರ್ಷದ ಬೀಜವನ್ನೇ ತಿಂದಂತಾಗುವದು. ಕಟ್ಟಳೆಯ ಮಾತು ತೆಗೆಯುವ ಮೊದಲು ತಮ್ಮ ಊರಿನ ನೀರು ಯಾವ ಬಗೆಯದೆಂದು ಹಿರಿಯರು ಕುಳಿತು ಗೊತ್ತುಮಾಡಿಕೊಳ್ಳತಕ್ಕದ್ದು.

2. ಬಿತ್ತಿದ ಮೀನು ಮತ್ತು ತಾನಾಗಿ ಹುಟ್ಟಿದ ಮೀನು

ಕೆರೆಗಳಲ್ಲಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಗಳು ಮೂಲತಃ ಉತ್ತರದ ದೊಡ್ಡ ನದಿಗಳವು. ಇವು ಪ್ರವಾಹದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವವೇ ಹೊರತು, ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವದಿಲ್ಲ. 1957ನೆಯ ಇಸವಿ ಜುಲೈ 10ರಂದು ಒರಿಸ್ಸಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು, ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಂದಿನಿಂದ ಮರಿಗಳನ್ನು ಸಾಕಣೆಯ ಕೇಂದ್ರಗಳಲ್ಲಿಯೇ ಹುಟ್ಟಿಸಿ ಕೆರೆಗಳಿಗೆ ಒದಗಿಸುವದು ಸಾಧ್ಯವಾಗಿದೆ. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವರು.

ಇದರಿಂದ ತಿಳಿಯಬೇಕಾದ ಸಂಗತಿಯು ಇಷ್ಟು. ಕಾಟ್ಲಾ, ರೋಹುಗಳ ಕೆರೆಯಲ್ಲಿ ಮಳೆಗಾಲದ ಎರಡು ತಿಂಗಳು ಬಲೆ ನಿಲ್ಲಿಸಿದ ಮಾತ್ರದಿಂದ ಅವುಗಳ ಸಂಖ್ಯೆ ಒಂದೂ ಹೆಚ್ಚದು. ಅಲ್ಲಿ ನೋಡತಕ್ಕದ್ದು ಬೇರೆ ಮೂರು ವಿಷಯ: ಎಷ್ಟು ಮರಿ ಬಿಟ್ಟೆವು, ಎಷ್ಟು ದೊಡ್ಡ ಮರಿ ಬಿಟ್ಟೆವು, ಎಷ್ಟು ತೂಕಕ್ಕೆ ಬಂದ ಮೇಲೆ ಹಿಡಿದೆವು. ಬೆರಳುದ್ದಕ್ಕಿಂತ ಚಿಕ್ಕ ಮರಿ ಬಿಟ್ಟರೆ ಕೊರವ ಮೀನು, ಬಾಳೆಮೀನುಗಳಿಗೆ ಅದು ಆಹಾರವಾಗಿ ಹೋಗುವದು. ಅರ್ಧ ಬೆಳೆದ ಮೀನನ್ನು ಹಿಡಿದರೆ ಹಾಲುಗಾಳಿನ ಜೋಳವನ್ನು ಕೊಯ್ದಂತಾಗುವದು.

ಇದಕ್ಕೆ ಪ್ರತಿಯಾಗಿ ಗೆಂಡೆ, ಕೊರವ, ಬಾಳೆಮೀನು ಮೊದಲಾದ ನಾಡ ಮೀನುಗಳು ಈ ಸೀಮೆಯ ನೀರಿನಲ್ಲಿಯೇ ಸಂತಾನ ಬೆಳೆಸುವವು. ಮುಂಗಾರಿನ ಹೊಸ ನೀರು ಹಳ್ಳದಿಂದ ಕೆರೆಗೆ ಇಳಿದೊಡನೆ ಅನೇಕ ಜಾತಿಗಳು ಆ ಹರಿವಿಗೆ ಎದುರಾಗಿ ಏರಿ, ತೆಳು ನೀರಿನ ಹುಲ್ಲಿನಲ್ಲಿ ಮೊಟ್ಟೆಯಿಡುವವು. ಆಗ ಹಳ್ಳದ ಬಾಯಿಗೆ ಬಲೆ ಕಟ್ಟಿ, ಬಡಿಗೆ ಬುಟ್ಟಿಗಳಿಂದ ಹಿಡಿಯುವ ರೂಢಿಯು ಹಲವೆಡೆ ಇರುವದು. ಮೊಟ್ಟೆ ತುಂಬಿದ ಒಂದು ತಾಯಿಮೀನನ್ನು ಹಿಡಿದರೆ ಸಾವಿರಾರು ಮರಿಗಳ ಹುಟ್ಟನ್ನೇ ತಡೆದಂತಾಯಿತು. ಕೊರವ ಮೀನಿನ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಅದು ತನ್ನ ಮರಿಗಳ ಹಿಂಡನ್ನು ಕಾಯುತ್ತ ಕೆಳಗೆ ನಿಂತಿರುವದು. ಮೇಲೆ ಕೆಂಪು ಮರಿಗಳು ಗುಂಪಾಗಿ ಆಡುವದನ್ನು ಕಂಡು ಅಲ್ಲಿಗೇ ಗಾಳ ಎಸೆದರೆ ತಾಯಿತಂದೆಗಳು ಸುಲಭವಾಗಿ ಸಿಕ್ಕುವವು. ಕಾಯುವ ಮೀನು ಹೋದ ಮೇಲೆ ಮರಿಗಳ ಹಿಂಡು ಅನ್ಯ ಮೀನುಗಳ ಬಾಯಿಗೆ ಬೀಳುವದು. ಆದ್ದರಿಂದ ನಾಡ ಮೀನುಗಳಿರುವ ನೀರಿನಲ್ಲಿ ಮಳೆಗಾಲದ ನಿಲುಗಡೆಯು ಅತ್ಯಂತ ಅವಶ್ಯವಾದದ್ದು. ಅದು ಬಲೆಗೂ ಗಾಳಕ್ಕೂ ಸಮನಾಗಿ ಅನ್ವಯಿಸತಕ್ಕದ್ದು.

ಮೂರನೆಯ ಗುಂಪೊಂದಿದೆ. ಜಿಲೇಬಿ ಮೀನೆಂದು ಕರೆಯುವ, ಆಫ್ರಿಕ ಮೂಲದ ತಿಲಾಪಿಯಾವನ್ನು 1952ರಲ್ಲಿ ದೇಶಕ್ಕೆ ತರಲಾಯಿತು. ಇದು ನಿಂತ ನೀರಿನಲ್ಲಿ ವರ್ಷಕ್ಕೆ ಹಲವು ಸಲ ಮರಿಮಾಡಿ ಕೆರೆಯನ್ನೆಲ್ಲ ತುಂಬುವದು. ಮೀನು ಬಹಳವಾದಾಗ ಯಾವದೂ ದೊಡ್ಡದಾಗುವದಿಲ್ಲ. ಇದನ್ನು ಎಷ್ಟು ಹಿಡಿದರೂ ಒಳಿತೇ. ಆಫ್ರಿಕದ ಕ್ಯಾಟ್‌ಫಿಶ್ ಎಂಬುದನ್ನಂತೂ ಭಾರತ ಸರಕಾರವು 2000ದಲ್ಲಿಯೇ ನಿಷೇಧಿಸಿತು. ಅದು ಇತರ ಮೀನುಗಳನ್ನು ನುಂಗಿ ಬೆಳೆಯುವದರಿಂದ, ಯಾರು ಎಷ್ಟೇ ಲಾಭದ ಆಶೆ ತೋರಿಸಿದರೂ ಊರಿನ ನೀರಿಗೆ ಅದರ ಮರಿಯನ್ನು ಬಿಡಗೊಡಬಾರದು.

3. ಗಾಳದ ಭಾರವನ್ನು ಅಳೆಯುವ ಬಗೆ

ಒಂದು ಗಾಳದಿಂದ ಕೆರೆ ಬರಿದಾಗುವದೇ ಎಂದು ಕೇಳುವವರುಂಟು. ಒಂದು ಗಾಳದಿಂದ ಆಗದು. ಆದರೆ ಲೆಕ್ಕವನ್ನು ವರ್ಷದ ಮೇಲೆ ಹಾಕಬೇಕು.

ಉದಾಹರಣೆಗಾಗಿ 50 ಎಕರೆಯ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಬಹುದು. ಅದಕ್ಕೆ 10,000 ಮರಿಗಳನ್ನು ಬಿಟ್ಟು, ಅರ್ಧದಷ್ಟು ಬದುಕಿ, ಒಂದೊಂದು 750 ಗ್ರಾಮಿಗೆ ಬಂದವೆಂದು ಇಟ್ಟುಕೊಂಡರೆ 5,000 ಮೀನು, ಅಂದರೆ 3,750 ಕಿಲೋ ಸಿಕ್ಕುವದು. ಈಗ ಪ್ರತಿ ರವಿವಾರ 20 ಜನರು ಬಂದು ತಲೆಗೆ ಎರಡರಂತೆ ಮೀನು ಒಯ್ದರೆ ದಿನಕ್ಕೆ 40 ಆಯಿತು. ಇಂಥ 30 ರವಿವಾರಗಳಿಗೆ 1,200 ಮೀನು. ಇದು ಬೆಳೆಯ ಹೆಚ್ಚುಕಡಿಮೆ ಕಾಲು ಪಾಲು. ಗುತ್ತಿಗೆದಾರನ ಪುಸ್ತಕದಲ್ಲಿ ಈ ಕಾಲು ಪಾಲು ಎಲ್ಲಿಯೂ ಕಾಣುವದಿಲ್ಲ. ಬಿತ್ತನೆ ಕೆಟ್ಟದ್ದೆಂದು ತಿಳಿದು ಅವನು ಮರುವರ್ಷ ಮರಿಗೆ ಹಣ ಹಾಕುವದನ್ನು ಕಡಿಮೆ ಮಾಡುವನು. ಮುಂದಿನ ಲೀಲಾವಿನಲ್ಲಿ ಬೆಲೆ ಇಳಿಯುವದು. ಪಂಚಾಯತಿಯ ಉತ್ಪನ್ನವೂ ಕುಂದುವದು.

ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಆ 1,200 ಮೀನುಗಳನ್ನು 250 ಗ್ರಾಮು ಇರುವಾಗಲೇ ಹಿಡಿದರೆ ಒಟ್ಟು ತೂಕ 300 ಕಿಲೋ. ಅವೇ ಮೀನು ಬೆಳೆದಿದ್ದರೆ 900 ಕಿಲೋ ಆಗುತ್ತಿದ್ದವು. ಹಿಡಿದವನಿಗೆ ಸಿಕ್ಕಿದ್ದು 300. ಊರಿಗೆ ಹೋದದ್ದು 900. ನಡುವಿನ 600 ಕಿಲೋ ಯಾರ ಹೊಟ್ಟೆಗೂ ಸೇರದೆ ವ್ಯರ್ಥವಾಯಿತು. ಗಾಳ ಹಾಕಿದ್ದು ತಪ್ಪಲ್ಲ. ಹೊತ್ತಿಗೆ ಮುಂಚೆ ಹಾಕಿದ್ದು ತಪ್ಪು. ಆದ್ದರಿಂದ ಮರಿ ಬಿಟ್ಟ ಮೇಲೆ ಮೀನು ಅರ್ಧ ಕಿಲೋ ದಾಟುವವರೆಗೆ ಕೆರೆಯನ್ನು ಗಾಳಕ್ಕೆ ಮುಚ್ಚಿ, ಬಳಿಕ ತೆರೆಯುವದೇ ಯುಕ್ತ. ಸಣ್ಣ ಕಣ್ಣಿನ ಬಲೆಗೂ ಇದೇ ಮಾತು ಸಲ್ಲುವದು. ಗುತ್ತಿಗೆದಾರನೇ ಸಣ್ಣ ಕಣ್ಣಿನ ಬಲೆ ಎಳೆದು ಮರಿಗಳನ್ನು ಬಾಚಿದರೆ, ಗಾಳದವರನ್ನು ದೂರಲು ಅವನಿಗೆ ಅಧಿಕಾರವಿಲ್ಲ.

4. ತಲೆಗಿಷ್ಟೆಂಬ ಮಿತಿಯು ಸಾಲದು

ಒಬ್ಬನಿಗೆ ಎರಡೇ ಮೀನು ಎಂದು ಬೋರ್ಡು ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮೇಲಿನ ಉದಾಹರಣೆಯಲ್ಲಿಯೇ 20 ಜನರ ಬದಲು 40 ಜನರು ಬಂದರೆ, ಒಬ್ಬನೂ ಕಟ್ಟಳೆ ಮೀರದೆಯೇ 2,400 ಮೀನು ಹೋಗುವವು. ತಲೆಗಿಷ್ಟೆಂಬ ಮಿತಿಯು ಮನುಷ್ಯರನ್ನು ಕಟ್ಟುವದೇ ಹೊರತು ಕೆರೆಯ ಒಟ್ಟು ನಷ್ಟವನ್ನು ಕಟ್ಟುವದಿಲ್ಲ. ರಸ್ತೆಗಳೂ ಮೋಟಾರು ಸೈಕಲ್ಲುಗಳೂ ಹೆಚ್ಚಿದ ಈ ಕಾಲದಲ್ಲಿ, ಒಂದು ಕೆರೆಯಲ್ಲಿ ಮೀನು ಚೆನ್ನಾಗಿ ಸಿಕ್ಕುವದೆಂಬ ಸುದ್ದಿ ಒಂದೇ ದಿನದಲ್ಲಿ ಇಳಕಲ್ಲಿನಿಂದ ಬಾಗಲಕೋಟೆಗೆ ಮುಟ್ಟುವದು. ಹತ್ತಿರದ ಒಂದು ಕೆರೆಯನ್ನು ಮುಚ್ಚಿದರೆ ಅಲ್ಲಿಯ ಜನರೆಲ್ಲ ಪಕ್ಕದ ಊರಿನ ಕೆರೆಯ ಮೇಲೆ ಬೀಳುವದೂ ಉಂಟು.

ಆದ್ದರಿಂದ ತಲೆಯ ಮಿತಿಯ ಜೊತೆಗೆ ಚೀಟಿಗಳ ಮಿತಿಯೂ ಬೇಕು. ಈ ವರ್ಷ ಗಾಳಕ್ಕೆ ಇಷ್ಟು ಮೀನು ಕೊಡಬಹುದೆಂದು ಮೊದಲು ಗೊತ್ತುಮಾಡಿ, ಅದನ್ನು ದಿನಗಳ ಸಂಖ್ಯೆಗೆ ಭಾಗಿಸಿ, ದಿನಕ್ಕೆ ಅಷ್ಟೇ ಚೀಟಿ ಕೊಡತಕ್ಕದ್ದು. ಚೀಟಿಯ ಹಣದಲ್ಲಿ ಒಂದು ಪಾಲನ್ನು ಗುತ್ತಿಗೆ ಹಿಡಿದ ಮೀನುಗಾರರ ಸಂಘಕ್ಕೆ ಮರಿ ಕೊಳ್ಳಲು ಕೊಟ್ಟರೆ, ಗಾಳದವನು ಒಯ್ದದ್ದನ್ನು ಅವನೇ ಮರಳಿ ಬಿತ್ತಿದಂತಾಗುವದು. ತಿಲಾಪಿಯಾಕ್ಕೆ ಮಾತ್ರ ಯಾವ ಮಿತಿಯನ್ನೂ ಹಾಕತಕ್ಕದ್ದಲ್ಲ. ಗಾಳದ ಉತ್ಸಾಹವು ಆ ಕಡೆಗೆ ತಿರುಗಿದರೆ ಕೆರೆಗೂ ಹಗುರವಾಗುವದು.

ಚಿಕ್ಕ ಮೀನು ಸಿಕ್ಕರೆ ಮರಳಿ ಬಿಡಬೇಕೆಂಬ ಕಟ್ಟಳೆಯು ಒಳ್ಳೆಯದೇ. ಆದರೆ ಬಿಟ್ಟ ಮೀನೆಲ್ಲ ಬದುಕುವದಿಲ್ಲವೆಂಬುದನ್ನು ನೆನಪಿಡಬೇಕು. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ತಗಲುವದು. ಕೊಕ್ಕೆಯನ್ನು ಗಂಟಲಿನವರೆಗೆ ನುಂಗಿದ್ದರೆ ಜಗ್ಗಿ ತೆಗೆಯದೆ ದಾರವನ್ನು ಹತ್ತಿರದಲ್ಲಿ ಕತ್ತರಿಸಿ ಬಿಡುವದು ಮೇಲು. ಹಿಮ್ಮುಳ್ಳಿಲ್ಲದ ಕೊಕ್ಕೆಯಿಂದ ಮೀನನ್ನು ಬೇಗ ಬಿಡಿಸಬಹುದು. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ನೀರು ಕಾದು, ಅದರಲ್ಲಿ ಮೀನಿನ ಉಸಿರಿಗೆ ಬೇಕಾದ ಪ್ರಾಣವಾಯು ಕಡಿಮೆಯಿರುವದರಿಂದ, ಆಗ ದಣಿದ ಮೀನು ಬಿಟ್ಟರೂ ಸಾಯುವ ಸಂಭವ ಹೆಚ್ಚು. ಆ ಹೊತ್ತಿನಲ್ಲಿ ಗಾಳ ಹಾಕದಿರುವದೇ ಲೇಸು.

5. ಕಾವೇರಿಯಿಂದ ಕಲಿಯತಕ್ಕ ಪಾಠ

ಗಾಳದ ಲೆಕ್ಕವನ್ನು ಬರೆದಿಡುವದರಿಂದ ಏನು ಪ್ರಯೋಜನವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಸಾಕ್ಷ್ಯವಿದೆ. ಕಾವೇರಿ ನದಿಯ ಭೀಮೇಶ್ವರಿ, ಗಾಳಿಬೋರೆ ಮೊದಲಾದ ತಾಣಗಳಲ್ಲಿ ದೇಶವಿದೇಶದ ಜನರು ಹಣ ಕೊಟ್ಟು ಮಹಸೀರ್ ಎಂಬ ದೊಡ್ಡ ಮೀನನ್ನು ಗಾಳದಿಂದ ಹಿಡಿದು, ತೂಗಿ, ಮರಳಿ ನದಿಗೆ ಬಿಡುತ್ತಿದ್ದರು. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಇಟ್ಟ ದಾಖಲೆಯಲ್ಲಿ 23,620 ಗಂಟೆಗಳ ಗಾಳದ ಶ್ರಮವೂ 6,161 ಮಹಸೀರುಗಳ ವಿವರವೂ ಇದ್ದವು. ತಜ್ಞರು ಅದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು.

ಆ ದಾಖಲೆಯು ಹೇಳಿದ ಸಂಗತಿ ಆಶ್ಚರ್ಯಕರವಾದದ್ದು. ಸಿಕ್ಕ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಸಂಖ್ಯೆಯನ್ನಷ್ಟೇ ನೋಡಿದ್ದರೆ ನದಿಯು ಸಮೃದ್ಧವಾಗಿದೆಯೆಂದು ಎಲ್ಲರೂ ಸಂತೋಷಪಡುತ್ತಿದ್ದರು. ಆದರೆ ಜಾತಿಯನ್ನು ಬೇರೆ ಬೇರೆಯಾಗಿ ಬರೆದಿದ್ದರಿಂದ ಸತ್ಯವು ಹೊರಬಿತ್ತು. ಕಾವೇರಿಗೇ ಸೇರಿದ, ಬೆನ್ನು ಉಬ್ಬಿದ ಮಹಸೀರ್ ಬಹುಮಟ್ಟಿಗೆ ಇಲ್ಲದಂತಾಗಿ, ಅದರ ಸ್ಥಳವನ್ನು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ತುಂಬಿಕೊಂಡಿತ್ತು. ಆ ಮರಿಗಳು 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಸಾಕಣೆ ಕೇಂದ್ರದಿಂದ ಬಂದವು. ಬೆನ್ನು ಉಬ್ಬಿದ ಜಾತಿಯ ಶಾಸ್ತ್ರೀಯ ಹೆಸರು 2018ರಲ್ಲಿ ನಿಶ್ಚಯವಾಗಿ, ಅದು ನಿರ್ವಂಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಕೃಷ್ಣೆಯ ಸೀಮೆಯವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಕಾವೇರಿಯಲ್ಲಿ ಹೊರಗಿನದಾದ ಆ ನೀಲಿ ರೆಕ್ಕೆಯ ಮಹಸೀರ್ ಕೃಷ್ಣೆಯ ಕೂಡುನದಿಗಳ ಸ್ವಂತ ಮೀನು. ಒಂದು ನದಿಯಲ್ಲಿ ಮನೆಯ ಮಗನಾದದ್ದು ಇನ್ನೊಂದು ನದಿಯಲ್ಲಿ ಮನೆ ಮುರಿಯುವ ಅತಿಥಿಯಾಗಬಹುದು. ಬಿಡುವ ಮರಿಯು ಒಳ್ಳೆಯ ಜಾತಿಯದೇ ಎಂದು ಕೇಳಿದರೆ ಸಾಲದು. ಈ ನೀರಿಗೆ ಸಲ್ಲುವ ಜಾತಿಯೇ ಎಂದು ಕೇಳತಕ್ಕದ್ದು. ಹಾಗೆಯೇ, ಎಷ್ಟು ಮೀನು ಎಂದು ಬರೆದರೆ ಸಾಲದು. ಯಾವ ಜಾತಿಯದು, ಎಷ್ಟು ತೂಕ, ಎಷ್ಟು ಹೊತ್ತಿನ ಶ್ರಮಕ್ಕೆ ಸಿಕ್ಕಿತು ಎಂಬುದನ್ನೂ ಬರೆಯತಕ್ಕದ್ದು.

6. ನದಿ ಮತ್ತು ಹಿನ್ನೀರಿನ ವಿಚಾರ

ಹಿನ್ನೀರಿನ ವಿಸ್ತಾರವನ್ನು ಕಂಡು ಅದರಲ್ಲಿ ಮೀನು ಅಪಾರವಾಗಿರುವದೆಂದು ಜನರು ಭಾವಿಸುವರು. ಸಂಗತಿ ಇದಕ್ಕೆ ವಿರುದ್ಧವಾಗಿದೆ. ದೇಶದ ಜಲಾಶಯಗಳನ್ನು ಕುರಿತು ವಿ. ವಿ. ಸುಗುಣನ್ ಅವರು 1995ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ವರ್ಷಕ್ಕೆ ಒಂದು ಹೆಕ್ಟೇರಿಗೆ ಸಣ್ಣ ಜಲಾಶಯಗಳಲ್ಲಿ ಸುಮಾರು 50 ಕಿಲೋ, ಮಧ್ಯಮ ಜಲಾಶಯಗಳಲ್ಲಿ ಸುಮಾರು 12 ಕಿಲೋ, ದೊಡ್ಡವುಗಳಲ್ಲಿ ಸುಮಾರು 11 ಕಿಲೋ ಮೀನು ಮಾತ್ರ ದೊರೆಯುತ್ತಿತ್ತು. ನೀರು ಹೆಚ್ಚಾದಷ್ಟು ಎಕರೆಯ ಬೆಳೆ ಕಡಿಮೆ. ಆಳದ ನೀರಿನಲ್ಲಿ ಮೀನಿನ ಆಹಾರವು ವಿರಳ. ಮೀನುಗಳು ಹೆಚ್ಚಾಗಿ ಅಂಚಿನ ತೆಳು ನೀರನ್ನೂ ಹಳ್ಳ ಕೂಡುವ ಬಾಯಿಗಳನ್ನೂ ಆಶ್ರಯಿಸಿರುವವು. ಬಲೆಯೂ ಗಾಳವೂ ಬೀಳುವದು ಅಲ್ಲಿಯೇ. ಆದ್ದರಿಂದ ನೀರು ವಿಶಾಲವಾಗಿದ್ದರೂ ಹಿಡಿಯುವ ಒತ್ತಡವು ಕಿರಿದಾದ ಪಟ್ಟಿಯ ಮೇಲೆಯೇ ಬೀಳುವದು.

ಅಣೆಕಟ್ಟಾದ ಮೇಲೆ ನದಿಯ ಮೀನು ಹಿಂದಿನಂತೆ ದೂರ ಏರಿಹೋಗಲಾರದು. ಉಳಿದ ತೆರವಾದ ದಾರಿಗಳೆಂದರೆ ಹಿನ್ನೀರಿಗೆ ಬಂದು ಕೂಡುವ ಹಳ್ಳ ಹೊಳೆಗಳು. ಮುಂಗಾರಿನ ಮೊದಲ ಪ್ರವಾಹದಲ್ಲಿ ಆ ಬಾಯಿಗಳನ್ನು ಅಡ್ಡಬಲೆಯಿಂದ ಪೂರ್ತಿಯಾಗಿ ಕಟ್ಟದಂತೆ ದಂಡೆಯ ಊರಿನವರು ನೋಡಿಕೊಂಡರೆ, ಅದೊಂದರಿಂದಲೇ ದೊಡ್ಡ ಉಪಕಾರವಾಗುವದು. ಇಲ್ಲಿ ಬಿತ್ತನೆಯ ಮರಿಗಿಂತ ತಾನಾಗಿ ಹುಟ್ಟುವ ಮರಿಯೇ ಬಂಡವಾಳ. ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯು ಗೊತ್ತುಪಡಿಸುವ ಮಳೆಗಾಲದ ನಿಲುಗಡೆಯು ಮೀನುಗಾರನ ಮೇಲಿನ ದಂಡವೆಂದು ಕೆಲವರು ನೊಂದುಕೊಳ್ಳುವರು. ಆ ತಿಂಗಳುಗಳಲ್ಲಿ ಮೀನುಗಾರನ ಮನೆಗೆ ಕೂಲಿಯ ಬೇರೆ ದಾರಿಯನ್ನು ಒದಗಿಸುವದು ಊರಿನ ಕರ್ತವ್ಯವೂ ಹೌದು. ಬಲೆಯವನನ್ನು ಮನೆಯಲ್ಲಿ ಕೂಡಿಸಿ, ಅದೇ ತಿಂಗಳಿನಲ್ಲಿ ಹವ್ಯಾಸದ ಗಾಳಕ್ಕೆ ಕಣ್ಣುಮುಚ್ಚಿದರೆ ಅದು ನ್ಯಾಯವಲ್ಲ.

7. ವಿಷ ಮತ್ತು ಸಿಡಿಮದ್ದು

ಇವೆರಡನ್ನು ಕುರಿತು ಹೆಚ್ಚು ವಾದಕ್ಕೆ ಎಡೆಯಿಲ್ಲ. 1897ರ ಭಾರತದ ಮೀನುಗಾರಿಕೆ ಕಾಯಿದೆಯೇ ನೀರಿನಲ್ಲಿ ಸಿಡಿಮದ್ದು ಸಿಡಿಸಿ ಅಥವಾ ವಿಷ ಹಾಕಿ ಮೀನು ಹಿಡಿಯುವದನ್ನು ಅಪರಾಧವೆಂದು ಸಾರಿತು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆಂದು 1901ರಲ್ಲಿಯೇ ಕಾನೂನು ಬಂದಿತು. ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಅಧಿನಿಯಮವು ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣಗಳನ್ನು ಒಂದೇ ಕಡೆ ತಂದಿತು.

ಕಾನೂನಿದ್ದ ಮಾತ್ರಕ್ಕೆ ಮೀನು ಉಳಿಯುವದಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ, ದೇವರ ಮೀನೆಂದು ಜನರು ಅಕ್ಕಿ ಹಾಕಿ ಸಾಕುತ್ತಿದ್ದ ಹೊಳೆಯ ಮಹಸೀರುಗಳು 1996ರಲ್ಲಿ ದುಷ್ಕರ್ಮಿಗಳು ಹಾಕಿದ ವಿಷದಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಭಕ್ತಿಯ ಕಾವಲಿದ್ದ ಸ್ಥಳದಲ್ಲಿಯೇ ಹೀಗಾದ ಮೇಲೆ ಕಾವಲಿಲ್ಲದ ಕೆರೆಯ ಮಾತೇನು? ಇಳಕಲ್ಲಿನ ಸುತ್ತಲಿನಂಥ ಕಲ್ಲುಗಣಿಗಳ ಸೀಮೆಯಲ್ಲಿ ಸಿಡಿಮದ್ದು ಅನ್ಯರ ಕೈಗೆ ಬೀಳದಂತೆ ಊರಿನವರು ವಿಶೇಷ ಎಚ್ಚರ ವಹಿಸತಕ್ಕದ್ದು. ಮದ್ದು ಸಿಡಿದಾಗ ದೊಡ್ಡ ಮೀನೂ ಸಾಯುವದು, ಮರಿಯೂ ಸಾಯುವದು; ಸತ್ತದ್ದರಲ್ಲಿ ಬಹುಭಾಗ ತಳಕ್ಕಿಳಿದು ಹಿಡಿದವನಿಗೂ ದಕ್ಕುವದಿಲ್ಲ. ಎಷ್ಟೋ ಸಲ ಎಸೆದವನ ಕೈಯೇ ಹೋಗುವದು. ಇಂಥದನ್ನು ಕಂಡವರು ತಾವೇ ಜಗಳಕ್ಕೆ ನಿಲ್ಲದೆ ಕೂಡಲೇ ಪೋಲೀಸರಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸತಕ್ಕದ್ದು.

ಇಲ್ಲಿ ಚೀಟಿ ಪಡೆದ ಗಾಳದವನಿಂದ ಒಂದು ಲಾಭವುಂಟು. ಕಾವೇರಿಯಲ್ಲಿ ಗಾಳದ ಶಿಬಿರಗಳು ನಿಂತ ಮೇಲೆ ನದಿಯ ಕಾವಲು ಸಡಿಲಾಗುವದೆಂದು ತಜ್ಞರು ಆತಂಕಪಟ್ಟರು. ದಂಡೆಯ ಮೇಲೆ ಶಾಂತವಾಗಿ ಕುಳಿತವನು, ಕೆರೆಯ ಮೀನಿನಲ್ಲಿ ತನಗೂ ಪಾಲಿದೆಯೆಂದು ತಿಳಿದಾಗ, ಹಣ ಪಡೆಯದ ಕಾವಲುಗಾರನೇ ಆಗುವನು.

8. ಜಮೀನುದಾರರ ಪಾಲಿನ ಕೆಲಸ

ಬಲೆ ಗಾಳಗಳನ್ನು ಮುಟ್ಟದ ರೈತನಿಗೂ ಈ ವಿಷಯದಲ್ಲಿ ಹೊಣೆಯಿದೆ. ತೂಬಿನಿಂದ ಕೊನೆಯ ಹನಿಯವರೆಗೂ ನೀರು ಬಿಟ್ಟರೆ ತಾಯಿಮೀನು ಉಳಿಯುವದಿಲ್ಲ. ನೀರು ನಿಲ್ಲುವ ಕೆರೆಗಳಲ್ಲಿ ಇಂತಿಷ್ಟು ಉಳಿಕೆ ನೀರನ್ನು ಬಿಡಬಾರದೆಂದು ಅಚ್ಚುಕಟ್ಟಿನ ರೈತರೆಲ್ಲರೂ ಒಪ್ಪಿ ತೂಬಿನ ಬಳಿ ಗುರುತು ಹಾಕುವದು ಮೇಲು. ಹೂಳು ತೆಗೆಯುವಾಗ ಒಡ್ಡಿನ ಬುಡದಿಂದ ಸಾಕಷ್ಟು ದೂರದಲ್ಲಿ, ಕೆರೆಯ ತಗ್ಗಿನ ಭಾಗದಲ್ಲಿ ಆಳವಾದ ಒಂದು ಮಡುವನ್ನು ತೋಡಿಸಿದರೆ ಬೇಸಿಗೆಯಲ್ಲಿ ಮೀನಿಗೆ ಆಶ್ರಯವಾಗುವದು. ಆ ಮಡುವಿನಲ್ಲಿ ಯಾರೂ ಬಲೆಯನ್ನಾಗಲಿ ಗಾಳವನ್ನಾಗಲಿ ಹಾಕತಕ್ಕದ್ದಲ್ಲ. ತೆಗೆದ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರವೆಂಬುದು ಎಲ್ಲರಿಗೂ ತಿಳಿದದ್ದೇ.

ದಾಳಿಂಬೆ, ದ್ರಾಕ್ಷಿ, ಹತ್ತಿಗಳಿಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ಪೈರೆಥ್ರಾಯ್ಡ್ ಜಾತಿಯವು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕವಾದವು. ಸಿಂಪಡಿಸುವ ಪಂಪನ್ನು ಕೆರೆ ಹಳ್ಳಗಳಲ್ಲಿ ತೊಳೆಯುವದು, ಖಾಲಿ ಡಬ್ಬಿಗಳನ್ನು ನೀರಿಗೆ ಎಸೆಯುವದು ಸರ್ವಥಾ ಕೂಡದು. ಬೇಸಿಗೆಯ ಕಡಿಮೆ ನೀರಿನಲ್ಲಿ ಒಂದು ಡಬ್ಬಿಯ ವಿಷವು ನೂರು ಗಾಳಗಳಿಗಿಂತ ಹೆಚ್ಚಿನ ನಾಶವನ್ನು ಮಾಡಬಲ್ಲದು. ಅದೇ ನೀರನ್ನು ದನಗಳೂ ಕುಡಿಯುವವು.

9. ಊರಿನವರು ಒಪ್ಪಿಕೊಳ್ಳತಕ್ಕ ಕಟ್ಟಳೆ

ಮೇಲೆ ಹೇಳಿದ ಸಂಗತಿಗಳಿಂದ ಈ ಕೆಳಗಿನ ಕ್ರಮವು ಹೊರಡುವದು. ಇದನ್ನು ಗ್ರಾಮಸಭೆಯಲ್ಲಿ ಓದಿ, ಗುತ್ತಿಗೆ ಹಿಡಿದ ಸಂಘದವರನ್ನೂ ಕರೆದು, ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಒಪ್ಪಿಗೆಯೊಡನೆ ಗುತ್ತಿಗೆಯ ಕರಾರಿನಲ್ಲಿಯೇ ಬರೆಸುವದು ಉತ್ತಮ. ಗುತ್ತಿಗೆ ಕೊಟ್ಟ ಕೆರೆಯಲ್ಲಿ ಗುತ್ತಿಗೆದಾರನನ್ನು ಬಿಟ್ಟು ಊರಿನವರೇ ಗಾಳದ ಚೀಟಿ ಮಾರುವದು ನ್ಯಾಯವಲ್ಲ.

(ಅ) ಬತ್ತುವ ಕೆರೆ: ಮರಿಯನ್ನು ಕೆರೆ ತುಂಬಿದೊಡನೆ ಬಿಡುವದು. ಅರ್ಧ ಕಿಲೋ ದಾಟುವವರೆಗೆ ಗಾಳಕ್ಕೂ ಬಲೆಗೂ ಬಿಡುವು. ಬಳಿಕ ಹಂತಹಂತವಾಗಿ ಹಿಡಿದು, ನೀರು ಕೆಸರಾಗುವ ಮೊದಲೇ ಪೂರ್ತಿ ಮುಗಿಸುವದು. ಕೊನೆಯ ದಿನಗಳಲ್ಲಿ ಉಳಿದ ಸಣ್ಣ ಮೀನನ್ನು ಊರ ಬಡವರಿಗೆ ಬಿಟ್ಟುಕೊಡುವದು.

(ಆ) ನೀರು ನಿಲ್ಲುವ ಕೆರೆ: ಹೊಸ ನೀರು ಬರುವ ತಿಂಗಳುಗಳಲ್ಲಿ ಬಲೆಗೂ ಗಾಳಕ್ಕೂ ಒಂದೇ ನಿಲುಗಡೆ. ಉಳಿದ ಕಾಲದಲ್ಲಿ ದಿನಕ್ಕೆ ಗೊತ್ತಾದಷ್ಟೇ ಚೀಟಿ. ಚೀಟಿಗೆ ಗೊತ್ತಾದಷ್ಟೇ ಮೀನು. ಮರಿಗಳ ಹಿಂಡನ್ನು ಕಾಯುವ ಕೊರವ ಮೀನಿಗೆ ಗಾಳ ಎಸೆಯುವದು ನಿಷಿದ್ಧ. ತೀರ ದೊಡ್ಡದಾದ ನಾಡ ಮೀನು ಸಿಕ್ಕರೆ ಅದನ್ನು ಮರಳಿ ಬಿಡುವದು. ದೊಡ್ಡ ತಾಯಿಯ ಮೊಟ್ಟೆಗಳು ಚಿಕ್ಕ ತಾಯಿಯವಕ್ಕಿಂತ ಬಹುಪಾಲು ಹೆಚ್ಚು.

(ಇ) ನದಿ ಮತ್ತು ಹಿನ್ನೀರು: ಇಲಾಖೆಯ ಲೈಸೆನ್ಸಿಲ್ಲದೆ ಬಲೆಯಿಲ್ಲ. ಹಳ್ಳದ ಬಾಯಿಗಳಿಗೆ ಅಡ್ಡಬಲೆ ಕಟ್ಟುವದಿಲ್ಲ. ಇಲಾಖೆಯ ನಿಲುಗಡೆಯನ್ನು ಗಾಳದವರೂ ಪಾಲಿಸುವರು.

(ಈ) ಎಲ್ಲ ನೀರುಗಳಿಗೂ: ತಿಲಾಪಿಯಾಕ್ಕೆ ಮಿತಿಯಿಲ್ಲ. ವಿಷ, ಸಿಡಿಮದ್ದು, ವಿದ್ಯುತ್ತು, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಗಳು ಯಾರಿಗೂ ಯಾವ ಕಾಲಕ್ಕೂ ಇಲ್ಲ. ಹರಿದ ಬಲೆ, ತುಂಡಾದ ನೈಲಾನ್ ದಾರಗಳನ್ನು ದಂಡೆಯ ಮೇಲೆ ಬಿಟ್ಟುಹೋಗತಕ್ಕದ್ದಲ್ಲ. ದನಗಳೂ ಹಕ್ಕಿಗಳೂ ಅವುಗಳಲ್ಲಿ ಸಿಕ್ಕಿ ಸಾಯುವವು.

10. ಕೆರೆಯ ಪುಸ್ತಕ

ಈ ಎಲ್ಲಕ್ಕೂ ಆಧಾರವಾದದ್ದು ಒಂದು ಸಾದಾ ಪುಸ್ತಕ. ಅದರಲ್ಲಿ ಬಿಟ್ಟ ಮರಿಯ ಸಂಖ್ಯೆ, ಜಾತಿ, ಉದ್ದ ಮತ್ತು ತಾರೀಖು ಒಂದು ಕಡೆ. ಬಲೆಯಿಂದ ಬಂದ ಮೀನಿನ ಜಾತಿ ಮತ್ತು ತೂಕ ಇನ್ನೊಂದು ಕಡೆ. ಗಾಳದಿಂದ ಹೋದ ಮೀನಿನ ಜಾತಿ, ಸಂಖ್ಯೆ, ತೂಕ ಮತ್ತು ಎಷ್ಟು ತಾಸು ಕುಳಿತರೆಂಬುದು ಮಗದೊಂದು ಕಡೆ. ಕೆರೆಯ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಬರೆಯತಕ್ಕದ್ದು. ಶಾಲೆಯ ಮೇಲಿನ ತರಗತಿಯ ಒಬ್ಬ ವಿದ್ಯಾರ್ಥಿಯೂ ಇದನ್ನು ಬರೆಯಬಲ್ಲನು.

ಮೂರು ವರ್ಷ ಹೀಗೆ ಬರೆದರೆ, ಗಾಳದವನು ಒಂದು ತಾಸಿಗೆ ಹಿಡಿಯುವ ಮೀನು ಏರುತ್ತಿದೆಯೋ ಇಳಿಯುತ್ತಿದೆಯೋ, ಅವುಗಳ ತೂಕ ಕುಗ್ಗುತ್ತಿದೆಯೋ ಎಂಬುದು ತಾನಾಗಿಯೇ ಕಾಣುವದು. ತೂಕ ಕುಗ್ಗಿದರೆ ಬೇಗ ಹಿಡಿಯುತ್ತಿದ್ದೇವೆಂದೋ, ಮೀನು ಅತಿಯಾಗಿ ಆಹಾರ ಸಾಲದಾಗಿದೆಯೆಂದೋ ತಿಳಿದು ಪರೀಕ್ಷಿಸಬೇಕು. ಸಂಖ್ಯೆಯೂ ತೂಕವೂ ಎರಡೂ ಇಳಿದರೆ ಚೀಟಿಗಳನ್ನೂ ಬಲೆಯ ದಿನಗಳನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕು. ಎರಡೂ ಏರಿದರೆ ಹೆಚ್ಚಿಸಬಹುದು. ಆಗ ಕಟ್ಟಳೆಯು ಬಲವಂತನ ಮಾತಿನಂತೆ ನಡೆಯದೆ ಪುಸ್ತಕದ ಅಂಕಿಯಂತೆ ನಡೆಯುವದು; ಸೋತವನಿಗೂ ಅಸಮಾಧಾನಕ್ಕೆ ಕಾರಣವಿರುವದಿಲ್ಲ.

ಕೆರೆಯನ್ನು ಕಟ್ಟಿಸಿದವರು ಒಂದು ತಲೆಮಾರಿಗೆಂದು ಕಟ್ಟಿಸಲಿಲ್ಲ. ಅದರ ಒಡ್ಡು ಒಡೆಯದಂತೆ ಊರು ಹೇಗೆ ವರ್ಷವರ್ಷವೂ ನೋಡಿಕೊಳ್ಳುವದೋ, ಅದರೊಳಗಿನ ಮೀನಿನ ವಂಶವು ಒಡೆಯದಂತೆಯೂ ಹಾಗೆಯೇ ನೋಡಿಕೊಳ್ಳತಕ್ಕದ್ದು. ಬರುವ ಮುಂಗಾರಿಗೆ ಮುಂಚೆ ಪ್ರತಿಯೊಂದು ಊರಿನವರೂ ತಮ್ಮ ನೀರಿನ ಬಗೆಯನ್ನು ನಿಶ್ಚಯಿಸಿ, ಪುಸ್ತಕವೊಂದನ್ನು ತೆರೆದು, ಮೊದಲ ಪುಟದಲ್ಲಿ ಬಿಟ್ಟ ಮರಿಗಳ ಲೆಕ್ಕವನ್ನು ಬರೆದರೆ ಈ ಕೆಲಸಕ್ಕೆ ತಳಹದಿ ಬಿದ್ದಂತಾಯಿತು.